ಫ್ಲಾಪಿಗಿಟ್ಟ ಕುಂಕುಮ

೧೪ ಸೆಪ್ಟೆಂಬರ್ ೧೯೮೭, ಸೋಮವಾರ
ಎಂದಿನಂತೆ ಚಪ್ಪಲಿ ಹೊರಗೆ ಬಿಟ್ಟು ಏಸಿ ರೂಮಿಗೆ. ಎಂಟೂವರೆಗೆ ಕಂಪ್ಯೂಟರ್ ಆನ್. ಸ್ಟೋರ್ಸ್ ಪ್ರೋಗ್ರಾಂ ತೆರೆದೆ. ಮೊದಲ ಸಾಲಿನಲ್ಲಿ ‘ಬರೆದವರು: ಪಂಕಜಾ’ ಇತ್ತು. ಈಗ ‘ತ್ರಿವಿಕ್ರಮ’!

ಎಂಟು ತಿಂಗಳು ಈ ಡೈರಿಯ ಹಿಂದಿನ ಹಾಳೆಗಳಲ್ಲಿ ಬರೆದು, ಹೊಡೆದು, ತಿದ್ದಿ ಮಾಡಿದ್ದು ನಾನು. ಫ್ಯಾಕ್ಟರಿಯ ಯಾವ ಬೋಲ್ಟು ಯಾವ ರ‍್ಯಾಕಿನಲ್ಲಿದೆ ಅಂತ ಹೇಳುವ ಪ್ರೋಗ್ರಾಂ. ತ್ರಿವಿಕ್ರಮ ಟೈಪ್‌ರೈಟರ್ ಬಿಟ್ಟು ಬಂದ ನಮ್ಮ ಸೆಕ್ಷನ್ ಹೆಡ್ಡು.

ಕೇಳಿದೆ. “ಡಿಪಾರ್ಟ್‌ಮೆಂಟ್ ಕೆಲಸ ಅಲ್ವೇನ್ರೀ ಪಂಕಜಾ, ಯಾರ ಹೆಸರಿದ್ರೇನು?” ಅಂದರು. ಹಾಗಾದರೆ ತಮ್ಮದನ್ನೇ ಯಾಕೆ ಹಾಕಿಕೊಂಡರು?

ಅಕ್ಟೋಬರ್ ಐದಕ್ಕೆ ಎಂ.ಡಿ. ಬಂದು ನೋಡುತ್ತಾರೆ. ಮೆಚ್ಚಿದರೆ ಬರೆದವರಿಗೆ ಪ್ರಮೋಷನ್. ನನಗಿಲ್ಲದ್ದು ಅವರಿಗೂ ಬೇಡ. ಅಳಿಸಿಬಿಡುತ್ತೇನೆ.

೧೫ ಸೆಪ್ಟೆಂಬರ್
ಊಟದ ಹೊತ್ತು. ರೂಮಿನಲ್ಲಿ ನಾನೊಬ್ಬಳೇ. ಡಿಲೀಟ್ ಕೊಟ್ಟೆ. ‘ಆಕ್ಸೆಸ್ ಡಿನೈಡ್.’ ಮತ್ತೆ ಕೊಟ್ಟೆ. ಅದೇ. ನಾನು ಹೆತ್ತದ್ದು ನನಗೇ ಬಾಗಿಲು ಹಾಕುತ್ತಿದೆ!

೧೮ ಸೆಪ್ಟೆಂಬರ್
ಸರ್ವಿಸ್ ಎಂಜಿನಿಯರ್ ಮೆಹಬೂಬ್ ಪಾಷಾ ಬಂದಿದ್ದರು. ಟೀ ಕುಡಿಸಿ ಕೇಳಿದೆ.

“ಅದಾ ಮೇಡಮ್? ನಿಮ್ ಸಾಹೇಬ್ರೇ ನನ್ ಕೈಲಿ ಲಾಕ್ ಮಾಡ್ಸಿದ್ರು. ಬರೀ ಓದ್ಬೋದು, ಅಳ್ಸಕ್ಕಾಗಲ್ಲ. ಆಟ್ರಿಬ್, ಮೈನಸ್ ಆರ್ ಅಂತ ಕಮಾಂಡ್ ಹೊಡೀರಿ, ಬಿಟ್ಕೊಳುತ್ತೆ. ಯಾಕೆ?”

“ಕಸ ಗುಡಿಸ್ಬೇಕು” ಅಂದೆ.

ಮಧ್ಯಾಹ್ನ ಹೊಡೆದು ಡಿಲೀಟ್ ಕೊಟ್ಟೆ. ಹೋಯಿತು! ಕ್ಯಾಂಟೀನಿನಲ್ಲಿ ಎರಡು ವಡೆ ಜಾಸ್ತಿ ತಿಂದೆ.

೧೯ ಸೆಪ್ಟೆಂಬರ್
ದರಿದ್ರದ್ದು, ವಾಪಸ್ ಬಂದಿದೆ!

ಪಕ್ಕದ ಸೀಟಿನ ಗೋದಾ ಹೆಮ್ಮೆಯಿಂದ ಹೇಳಿದಳು: “ನಿನ್ನೆ ಕರೆಂಟ್ ಹೋಗಿತ್ತಲ್ಲ, ಫೈಲ್ ಹಾರ್ಹೋಗಿತ್ತು ಕಣೇ. ಫ್ಲಾಪಿಯಿಂದ ತುಂಬ್ದೆ. ನೀನೇ ಗೋಡೆಗೆ ಅಂಟ್ಸಿದೀಯಲ್ಲ.”

ಹೌದು. ನನ್ನದೇ ದುಂಡು ಅಕ್ಷರ — ‘ಬೆಳಿಗ್ಗೆ ಪಟ್ಟಿ ನೋಡಿ. ಇಲ್ಲದ ಫೈಲನ್ನು ಫ್ಲಾಪಿಯಿಂದ ತುಂಬಿ.’ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಪ್ರೋಗ್ರಾಮಿನ ನಕಲಿರುವುದು ಅದೊಂದೇ ಫ್ಲಾಪಿಯಲ್ಲಿ. ಅದು ತ್ರಿವಿಕ್ರಮರ ಬೀರುವಿನಲ್ಲಿ. ಬೀಗದ ಕೈ ಅವರ ಜನಿವಾರದಲ್ಲಿ. ಬೆಳಿಗ್ಗೆ ತಾವೇ ತೆಗೆದುಕೊಡುತ್ತಾರೆ, ಎದುರಿಗೇ ನಿಂತು ವಾಪಸ್ ಇಡುತ್ತಾರೆ.

೨೬ ಸೆಪ್ಟೆಂಬರ್
ಇನ್ನೂ ಮೂರು ಸಲ ಅಳಿಸಿದೆ. ಮೂರು ಸಲವೂ ಗೋದಾ ತುಂಬಿದಳು. ಅವಳ ಮೇಲೆ ರೇಗುವಂತೆಯೂ ಇಲ್ಲ. ತ್ರಿವಿಕ್ರಮ ಇವತ್ತು ಹೊಸ ಸಫಾರಿ ಹೊಲಿಸಲು ಅಳತೆ ಕೊಟ್ಟರಂತೆ... ಎಂ.ಡಿ. ಮುಂದೆ ನಿಲ್ಲುವುದಕ್ಕೆ. ಹೊಟ್ಟೆ ಉರಿಯುತ್ತಿದೆ.

೧ ಅಕ್ಟೋಬರ್, ಆಯುಧ ಪೂಜೆ
ಬೆಳಿಗ್ಗೆ ಗೋದಾ ಪಟ್ಟಿ ನೋಡಿ ಹೂ ಕಟ್ಟಲು ಹೋದಳು. ತಕ್ಷಣ ಫೈಲ್ ಅಳಿಸಿದೆ.

ಕಂಪ್ಯೂಟರಿಗೆ ಸೇವಂತಿಗೆ ಹಾರ. ಮುಂದೆ ಸ್ಕ್ರೂಡ್ರೈವರ್, ಸ್ಟೇಪ್ಲರ್. ತ್ರಿವಿಕ್ರಮ ತಾವೇ ಫ್ಲಾಪಿಯನ್ನು ಕವರಿನಿಂದ ತೆಗೆದು ತಟ್ಟೆಯಲ್ಲಿಟ್ಟರು. “ಕುಂಕುಮ ನೀವಿಡಿ ಪಂಕಜಾ. ಹೆಣ್ಮಕ್ಕಳ ಕೈ ಒಳ್ಳೇದು.”

ಫ್ಲಾಪಿಯ ಮೈಮೇಲೆ ಒಂದು ಸೀಳಿರುತ್ತದೆ, ಬರೆದದ್ದೆಲ್ಲ ಇರುವ ಒಳಗಿನ ಡಿಸ್ಕು ಕಾಣುವ ಕಡೆ. ಬೆರಳು ತಾಗಿದರೂ ಕೆಡುತ್ತದೆ. ಕುಂಕುಮವನ್ನು ನೀರಿನಲ್ಲಿ ಕಲಸಿ ಸರಿಯಾಗಿ ಅಲ್ಲೇ ಇಟ್ಟೆ.

“ಧಾರಾಳವಾಗಿ ಇಡ್ರೀ!”

ಇಟ್ಟೆ. ತಿರುಗಿಸಿ ಆ ಕಡೆಗೂ ಇಟ್ಟೆ, ಅರಿಸಿನದ ಜೊತೆ. ಅವರೇ ಕೈಮುಗಿದರು. ಪೂಜೆಗಿಟ್ಟದ್ದನ್ನು ಸೋಮವಾರದವರೆಗೆ ಯಾರೂ ಮುಟ್ಟಕೂಡದು ಅಂತ ಆಜ್ಞೆ ಬೇರೆ.

೫ ಅಕ್ಟೋಬರ್
ತ್ರಿವಿಕ್ರಮ ಹೊಸ ಸಫಾರಿಯಲ್ಲಿ. ಫೈಲ್ ಇಲ್ಲ. ಫ್ಲಾಪಿ ಒರೆಸಿ ಹಾಕಿದರು. ಗರಗರ ಅಂದಿತೇ ಹೊರತು ಓದಲಿಲ್ಲ.

ಎಂ.ಡಿ. ಗಡಿಯಾರ ನೋಡಿದರು. “ನೀವೇ ಬರ‍್ದಿದ್ದಲ್ವಾ? ಮೊದಲ ಹತ್ತು ಸಾಲು ಹೊಡೆದು ತೋರ‍್ಸಿ, ಸಾಕು.”

ಒಂದು ಸಾಲು ಹೊಡೆದರು. ತಮ್ಮ ಹೆಸರು. ಆಮೇಲೆ ಬೆರಳು ಇಳಿಯಲೇ ಇಲ್ಲ. ಏಸಿಯಲ್ಲೂ ಬೆವರು.

“ಪಂಕಜಾ, ನೀವ್ ಸ್ವಲ್ಪ...”

“ಬರೆದವ್ರೇ ಬರೀಬೇಕು ಸಾರ್” ಅಂದೆ. ಆಹಾ, ಎಷ್ಟು ಹಿತವಾಯಿತು! ಬುಧವಾರದವರೆಗೆ ಗಡುವು ಕೊಟ್ಟು ಎಂ.ಡಿ. ಎದ್ದು ಹೋದರು.

೬ ಅಕ್ಟೋಬರ್, ಸಂಜೆ ಏಳು
ಯಶವಂತಪುರದಿಂದ ಆಟೋ ಹಿಡಿದು ಆರ್.ಟಿ. ನಗರದ ನಮ್ಮನೆಗೇ ಬಂದಿದ್ದಾರೆ ತ್ರಿವಿಕ್ರಮ. ಅಮ್ಮ ಕಾಫಿ ಕೊಟ್ಟಾಯಿತು. ಹಾಲಿನಿಂದ ಕೇಳಿಸುತ್ತಿದೆ: “ನಿಮ್ ಮಗಳು ಮನಸ್ಸು ಮಾಡ್ಬೇಕು, ತಾಯಿ. ನನ್ ಮರ‍್ಯಾದೆ ಪ್ರಶ್ನೆ.”

ಕೂತಿರಲಿ. ಅಷ್ಟೂ ಸಾಲು ಈ ಡೈರಿಯ ಹಿಂದೆ ನನ್ನ ಅಕ್ಷರದಲ್ಲಿವೆ. ನಾಳೆ ಮಧ್ಯಾಹ್ನದೊಳಗೆ ಹೊಡೆದು ಮುಗಿಸುತ್ತೇನೆ. ಆದರೆ ಮೊದಲು ಬಿಳಿ ಹಾಳೆ, ಪೆನ್ನು ಅವರ ಮುಂದೆ. ಎಂ.ಡಿ.ಗೆ ಕಾಗದ, ಅವರ ಕೈಯಲ್ಲೇ. ನಾನು ಹೇಳುತ್ತೇನೆ, ಅವರು ಬರೆಯಲಿ. ಮೊದಲ ಸಾಲು — ‘ಬರೆದವರು: ಪಂಕಜಾ.’