ಕರೆಂಟು ಎಲ್ಲಿಂದ ಬಂತು, ಮಿಸ್?

ಮಂಚೇನಹಳ್ಳಿ
ಶನಿವಾರ, 16 ನವೆಂಬರ್ 2024

ಪ್ರೀತಿಯ ತನುಜ,

ದಸರೆಯ ಹೊತ್ತಿಗೆ ನೀನು ಬರೆದ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಚಿಂತಾಮಣಿಯ ಹೊಸ ಶಾಲೆ ನಿನಗೆ ಹಿಡಿಸಿತೆಂದು ಓದಿ ಸಂತೋಷವಾಯಿತು. ಆಮೇಲೆ ನೀನು ಎರಡು ಸಲ ಫೋನ್ ಮಾಡಿದಾಗಲೂ ನೆಗಡಿ, ಕೆಮ್ಮು ಎಂದು ಏನೋ ಹೇಳಿ ಇಟ್ಟುಬಿಟ್ಟೆ. ನಮ್ಮ ಮನೆಯಲ್ಲಿ ಫೋನಿನ ಮಾತು ಎಲ್ಲರಿಗೂ ಕೇಳಿಸುತ್ತದೆ. ಇವತ್ತು ಅರ್ಧ ದಿನದ ಶಾಲೆ. ಮಕ್ಕಳು ಹೋದ ಮೇಲೆ ಆರನೇ ತರಗತಿಯ ಕೋಣೆಯಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ.

ಮಗಳು ಹರಿತಾ ಚೆನ್ನಾಗಿದ್ದಾಳೆ. ಈ ವರ್ಷ ಪಿಯುಸಿ, ದಿನಾ ಗೌರಿಬಿದನೂರಿಗೆ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಅವಳ ಅಪ್ಪನೂ ಚೆನ್ನಾಗಿದ್ದಾರೆ.

ಚೆನ್ನಾಗಿಲ್ಲದವಳು ನನ್ನ ತರಗತಿಯ ಅಮೃತ. ಲೈನ್ ಕೆಲಸಕ್ಕೆ ಹೋಗುತ್ತಿದ್ದ ಅಂಬರೀಶನ ಮಗಳು. ಹೆತ್ತ ತಾಯಿ ಇಲ್ಲ, ಅಜ್ಜಿ ಗಂಗುಲಮ್ಮನೇ ಸಾಕಿದ್ದು. ಕಳೆದ ತಿಂಗಳು ವಿದ್ಯುತ್ತಿನ ಪಾಠ ಶುರು ಮಾಡಿದೆ. ಎರಡು ಟಾರ್ಚ್ ಸೆಲ್ಲು, ಒಂದು ಪುಟ್ಟ ಬಲ್ಬು, ರಟ್ಟಿನ ಮೇಲೆ ಗುಂಡುಪಿನ್ನು ಚುಚ್ಚಿ ಮಾಡಿದ ಸ್ವಿಚ್ಚು, ನಾವಿಬ್ಬರೂ ಟ್ರೈನಿಂಗಿನಲ್ಲಿ ಮಾಡಿದ್ದೆವಲ್ಲ, ಅದೇ. ಅಮೃತ ಅಪ್ಪನ ಚೀಲದಿಂದ ತುಂಡು ವೈರು ತಂದಿದ್ದಳು. ತುದಿಯ ಪ್ಲಾಸ್ಟಿಕ್ಕನ್ನು ಹಲ್ಲಿನಲ್ಲಿ ಕಚ್ಚಿ ಸುಲಿಯಲು ಹೋಗಿ ನನ್ನ ಹತ್ತಿರ ಬೈಸಿಕೊಂಡಳು. "ನಮ್ಮಪ್ಪ ಹಿಂಗೇ ಮಾಡೋದು ಮಿಸ್," ಅಂದಳು.

ಒಂದು ಗುರುವಾರ ಬೆಳಿಗ್ಗೆಯಿಂದಲೇ ಊರಲ್ಲಿ ಕರೆಂಟಿರಲಿಲ್ಲ. ಲೈನ್ ದುರಸ್ತಿ. ತರಗತಿಯಲ್ಲಿ ಮಾತ್ರ ಗುಂಪಿಗೊಂದರಂತೆ ಆರು ಬಲ್ಬು ಉರಿಯುತ್ತಿದ್ದವು. "ಊರಿಗೆಲ್ಲಾ ಕರೆಂಟ್ ಹೋದ್ರೂ ನಮ್ದು ಉರೀತೈತೆ ಮಿಸ್!" ಎಂದು ಮಕ್ಕಳು ಕುಣಿದರು. ನಾನು ಬೋರ್ಡಿನ ಮೇಲೆ ಬರೆದೆ: ಸ್ವಿಚ್ಚು ತೆರೆದಿದ್ದರೆ ದಾರಿ ಮುರಿದಿರುತ್ತದೆ, ಕರೆಂಟು ಹರಿಯುವುದಿಲ್ಲ. ಅದನ್ನು ಅವರು ಬರೆದುಕೊಳ್ಳುತ್ತಿದ್ದಾಗಲೇ ಹೆಡ್‌ಮಾಸ್ಟರ್ ಹರಿಕೃಷ್ಣ ಬಾಗಿಲಲ್ಲಿ ನಿಂತು, "ಪದ್ಮಶ್ರೀ ಮೇಡಂ, ಅಮೃತನ್ನ ಸ್ವಲ್ಪ ಕಳಿಸ್ಕೊಡಿ," ಎಂದರು. ಅವರ ಮುಖ ನೋಡಿ ನನಗೆ ಅರ್ಧ ತಿಳಿಯಿತು. ಅಂಬರೀಶ ಕರೆಂಟು ಹೊಡೆದು ಕಂಬದ ಮೇಲೆಯೇ ಹೋಗಿಬಿಟ್ಟಿದ್ದ.

ಟ್ರಾನ್ಸ್‌ಫಾರ್ಮರಿನ ಸ್ವಿಚ್ಚು ಇಳಿಸಿದ್ದವನು ಅವನ ಜೊತೆಗಾರ ನಲ್ಲಪ್ಪ. "ನಾನೇ ಇಳಿಸಿದ್ದು, ಬೀಗಾನೂ ಹಾಕಿದ್ದೆ, ನನ್ನ ಮಕ್ಕಳಾಣೆ," ಎಂದು ಅವನು ಎಲ್ಲರ ಕಾಲಿಗೂ ಬಿದ್ದ. ಯಾರೂ ನಂಬಲಿಲ್ಲ. ವಿಚಾರಣೆಗೆ ಬಂದವರು ಸ್ವಿಚ್ಚು ಸರಿಯಾಗಿ ಇಳಿಸಿರಲಿಲ್ಲವೆಂದು ಬರೆದುಕೊಂಡು ಹೋದರು. ಅವನ ಕೆಲಸ ಹೋಯಿತು. ಮಣ್ಣಿಗೆ ಬಂದಿದ್ದವನ ಮೇಲೆ ಗಂಗುಲಮ್ಮ ಹಿಡಿ ಮಣ್ಣು ತೂರಿ, "ಕೊಡುಕುನಿ ತಿನ್ನಾವು ಕದರಾ! ನನ್ನ ಮಗನ್ನ ತಿಂದ್ಯಲ್ಲೋ!" ಎಂದು ಕಿರುಚಿದಳು. ಅವನು ಮಣ್ಣನ್ನು ಕೊಡವಿಕೊಳ್ಳಲೂ ಇಲ್ಲ.

ಹದಿನೈದು ದಿನದ ಮೇಲೆ ಅಮೃತ ಶಾಲೆಗೆ ಬಂದಳು. ಊಟದ ಬೆಲ್ಲು ಹೊಡೆದರೂ ಹೊರಗೆ ಹೋಗದೆ ನನ್ನ ಮೇಜಿನ ಹತ್ತಿರ ಬಂದು ನೋಟ್‌ಬುಕ್ ತೆರೆದಳು. ಸೆಲ್ಲಿನ ಜಾಗದಲ್ಲಿ ಟ್ರಾನ್ಸ್‌ಫಾರ್ಮರ್, ಅದರ ಪಕ್ಕ ತೆರೆದ ಸ್ವಿಚ್ಚು, ಆಮೇಲೆ ವೈರು, ಬಲ್ಬಿನ ಜಾಗದಲ್ಲಿ ಒಬ್ಬ ಮನುಷ್ಯ. ಸ್ಕೇಲು ಇಟ್ಟು ಎಷ್ಟು ಚೆನ್ನಾಗಿ ಎಳೆದಿದ್ದಳು ಗೊತ್ತಾ!

"ನಲ್ಲಪ್ಪ ಮಾಮ ಇಳಿಸಿದ್ದು ನಿಜ ಅಂದ್ರೆ ದಾರಿ ಮುರಿದಿತ್ತು ಅಲ್ವಾ ಮಿಸ್? ಮತ್ತೆ ಕರೆಂಟು ಎಲ್ಲಿಂದ ಬಂತು?"

ನಾನು ನೀರು ಕುಡಿದೆ. ಆಮೇಲೆ, "ಕೆಲವು ಸಲ ಸ್ವಿಚ್ಚು ಪೂರ್ತಿ ಬಿಟ್ಟುಕೊಂಡಿರಲ್ಲಮ್ಮ. ನೋಡೋಕೆ ಇಳಿದಂಗಿರ್ತದೆ, ಒಳಗೆ ತಾಗಿರ್ತದೆ," ಎಂದೆ.

"ಹಂಗಾದ್ರೆ ಮಾಮನ್ದೇ ತಪ್ಪು."

ನಾನು ಇಲ್ಲವೆನ್ನಲಿಲ್ಲ. ಅವಳು ರಬ್ಬರು ತೆಗೆದು, ತೆರೆದಿದ್ದ ಸ್ವಿಚ್ಚನ್ನು ಅಳಿಸಿ, ಮುಚ್ಚಿದ ಸ್ವಿಚ್ಚು ಬರೆದುಕೊಂಡಳು. ಬೀದಿಯಲ್ಲಿ ನಲ್ಲಪ್ಪ ಎದುರಾದರೆ ಈಗ ಅವಳು ಉಗಿದು ಹೋಗುತ್ತಾಳಂತೆ. ಎತ್ತಿನಂಥ ಅವನ ದೇಹ ಒಂದೇ ತಿಂಗಳಲ್ಲಿ ಅರ್ಧವಾಗಿದೆ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಶಿಡ್ಲಘಟ್ಟದ ಕಡೆ ಹೊರಟು ಹೋಗುತ್ತಾನೆಂದು ಮಾತು. ಹೋಗಲಿ ಎಂದು ನನ್ನ ಮನಸ್ಸು ಒಳಗೊಳಗೇ ಬಯಸುತ್ತದೆ. ಇಂಥದ್ದನ್ನು ಬಯಸುವವಳು ನಾನಾಗುತ್ತೇನೆಂದು ಗೊತ್ತಿರಲಿಲ್ಲ ಕಣೇ.

ನೀನು ನಿನ್ನ ಕಾಲುನೋವಿಗೆ ಡಾಕ್ಟರಿಗೆ ತೋರಿಸು, ಮುಂದಕ್ಕೆ ಹಾಕಬೇಡ. ನಿನ್ನ ಮಗುವಿಗೆ ನನ್ನ ಆಶೀರ್ವಾದ. ಅದು ನೂರು ವರ್ಷ ನಗುನಗುತ್ತಾ ಬಾಳಲಿ.

ನಿನ್ನ
ಪದ್ಮಶ್ರೀ

ತಾ.ಕ.: ಮಡಿಚಿದ ಪತ್ರವನ್ನು ಮತ್ತೆ ಬಿಡಿಸಿದ್ದೇನೆ. ಆ ಗುರುವಾರ ಮಧ್ಯಾಹ್ನ ನಾನು ಮನೆಗೆ ಹೋದಾಗ ನಮ್ಮ ಕೋಳಿ ಫಾರಂನ ಜನರೇಟರ್ ಪಕ್ಕ ಇವರು ನೆಲದ ಮೇಲೆ ಕೂತಿದ್ದರು. ಮರಿಗಳಿಗೆ ಕಾವು ಬೇಕೆಂದು ಜನರೇಟರ್ ಹಾಕಿದವರು ಮೇನ್ ಸ್ವಿಚ್ಚು ಇಳಿಸಿರಲಿಲ್ಲ. ನಮ್ಮ ಕರೆಂಟು ಹಿಂದಕ್ಕೆ ಹರಿದು ಕಂಬಕ್ಕೆ ಹೋಗಿತ್ತು. "ಮರ್ತ್ಹೋದೆ ಪದ್ಮಾ. ನೀನು ಬಾಯಿ ಬಿಟ್ರೆ ಹರಿತಾ ಗತಿ ಏನು?" ಎಂದರು. ಆ ಮೇನ್ ಸ್ವಿಚ್ಚನ್ನು ಇಳಿಸಿದಿರಾ ಎಂದು ಪ್ರತಿ ಸಲ ಕೇಳುತ್ತಿದ್ದವಳು ನಾನೇ. ಅಂದು ಪಾಠಕ್ಕೆ ತಡವಾಗುತ್ತದೆಂದು ಕೇಳದೆ ಬಂದಿದ್ದೆ. ಸೋಮವಾರ ಅಮೃತ ಮುಂದಿನ ಬೆಂಚಿನಲ್ಲಿ ಕೂತಿರುತ್ತಾಳೆ. ಆಗಲೂ ನಾನು ಹೇಳುವುದಿಲ್ಲ ತನುಜ, ನನಗೆ ಗೊತ್ತು.