ಅಲ್ಮುವನ್ನು ಎಲ್ಲಿಟ್ಟರು

೩ ಮಾರ್ಚ್ ೧೯೫೮, ಸೋಮವಾರ

ಬೆಳಿಗ್ಗೆ ಉಪ್ಪಿಟ್ಟು. ಇವರು ನೈಟ್ ಡ್ಯೂಟಿ ಮುಗಿಸಿ ಬಂದವರು ರೈಲ್ವೆ ಗಾರ್ಡ್ ಕೋಟನ್ನೂ ಬಿಚ್ಚದೆ ಮಲಗಿಬಿಟ್ಟರು. ಸ್ಕೂಲಿಗೆ ಲೇಟು. ಏಳನೇ ಕ್ಲಾಸಿನ ಲೆಕ್ಕದ ಕಾಪಿಗಳು ಇನ್ನೂ ಹಾಗೇ ಬಿದ್ದಿವೆ.

ವೇದವಲ್ಲಿ ಇವತ್ತು ಮತ್ತೆ ಪಾಠ ಮಾಡುವುದಕ್ಕೆ ಬಂದಳು. ಮಗು ಹೋಗಿ ಇನ್ನೂ ತಿಂಗಳಾಗಿಲ್ಲ. ಎರಡೂವರೆ ವರ್ಷದ ಅಲಮೇಲು, ಎಲ್ಲರ ಬಾಯಲ್ಲೂ ಅಲ್ಮು. ಗಂಟಲಮಾರಿ. ಹಾಸನದ ಆಸ್ಪತ್ರೆಗೆ ಒಯ್ಯುವಷ್ಟೂ ಹೊತ್ತು ಕೊಡಲಿಲ್ಲ.

ಸ್ಟಾಫ್ ರೂಮಿನಲ್ಲಿ ಹೆಡ್‌ಮಿಸ್ಟ್ರೆಸ್ ಅನುಸೂಯಮ್ಮನವರು ಅವಳೆದುರಿಗೇ, “ಪಾಠದಲ್ಲಿ ಮುಳುಗಿದ್ರೆ ಮರೆತುಹೋಗುತ್ತೆ ರೀ. ಚಿಕ್ಕ ವಯಸ್ಸು, ಇನ್ನೊಂದಾಗುತ್ತೆ” ಅಂದರು. ಇನ್ನೊಂದು! ಕೊಡೆ ಕಳೆದುಹೋಯಿತೇನು, ಇನ್ನೊಂದು ತರುವುದಕ್ಕೆ? ಮೈ ಉರಿಯಿತು. ಏನೂ ಅನ್ನಲಿಲ್ಲ. ಅದಕ್ಕೆ ಇನ್ನಷ್ಟು ಉರಿಯಿತು.

ಸಂಜೆ ಆಯಾ ಗಿಡ್ಡಮ್ಮ ಮೆಲ್ಲಗೆ ಬಂದು ಹೇಳಿದಳು. “ವೇದಮ್ಮಾವ್ರು ಉಂಡಿಲ್ಲ ಕಣವ್ವ. ಡಬ್ಬಿ ಹಂಗೇ ಐತೆ.”

೫ ಮಾರ್ಚ್, ಬುಧವಾರ

ಬುದ್ಧಿ ಎಲ್ಲಿಗೆ ಹೋಗಿತ್ತೋ ನನಗೆ.

ಸ್ಕೂಲು ಬಿಟ್ಟ ಮೇಲೆ ನಾನೂ ವೇದವಲ್ಲಿಯೂ ಜಗಲಿ ಮೇಲೆ ಕೂತಿದ್ದೆವು. ಟೀಚರ್ ಟ್ರೈನಿಂಗಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಮಾತಾಡದೆಯೂ ಕೂರಬಹುದು. ಈಸ್ಟರ್‌ಗೆ ಎಲ್ಲಿಗೆ ಹೋಗ್ತೀಯ ಅಂತ ಸುಮ್ಮನೆ ಕೇಳಿದಳು. ಹಾಸನಕ್ಕೆ ಅಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. “ಸಾಮುವೇಲನ ಸಮಾಧಿಗೆ ಸುಣ್ಣ ಹೊಡೆಸಬೇಕು ಕಣೇ. ಬೆಳಕು ಹರಿಯೋ ಮುಂಚೆ ಎಲ್ಲರೂ ಮೇಣದಬತ್ತಿ ಹಿಡ್ಕೊಂಡು ಹೋಗ್ತೀವಿ” ಅಂದೆ. ಸಾಮುವೇಲ ನನ್ನ ಮೊದಲನೆಯ ಮಗ. ಅವಳಿಗೆ ಗೊತ್ತು.

ತಿರುಗಿ ಕೂತಳು. “ಹೆಂಗಸರೂ ಹೋಗ್ತೀರಾ?”

“ನಾವೇ ಮೊದಲು ಹೋಗೋದು.”

“ಹೋಗಿ ಮುಟ್ತೀಯಾ?”

“ಹ್ಞೂಂ. ಹೂ ಇಡ್ತೀನಿ.”

ಆಗ ಹೇಳಿದಳು. “ನಮ್ಮ ಅಲ್ಮುನ ಎಲ್ಲಿಟ್ರು ಅಂತಾನೇ ನಂಗೆ ಗೊತ್ತಿಲ್ಲ ಕಣೇ. ಬಟ್ಟೇಲಿ ಸುತ್ತಿ ನಮ್ಮನೆಯವರ ಕೈಗೆ ಕೊಟ್ಟೆ. ಬಾಗಿಲು ದಾಟಬೇಡ ಅಂದ್ರು.”

ಅವರಲ್ಲಿ ಅಷ್ಟು ಚಿಕ್ಕ ಮಕ್ಕಳನ್ನು ಸುಡುವುದಿಲ್ಲ, ಹೂಳುತ್ತಾರೆ. ಗಂಡಸರು ಹೋಗುತ್ತಾರೆ, ಬರುತ್ತಾರೆ. ಕಲ್ಲಿಲ್ಲ, ಗುರುತಿಲ್ಲ. ತಾಯಿಯಾದವಳು ಒಲೆ ಮುಂದೆ ಕೂತಿರಬೇಕು. ಇದನ್ನೆಲ್ಲ ತಿಳಿಯದೆ ನಾನು ಸುಣ್ಣ, ಹೂವು ಅಂತ ಅವಳೆದುರು ಹರಟಿದೆ. ಕಪಾಳಕ್ಕೆ ಹೊಡೆದುಕೊಳ್ಳಬೇಕು.

ಅವಳಿಗೆ ಈಗ ಒಂದೇ ಹಟ. ಒಂದು ಸಲ ಆ ಜಾಗ ನೋಡಬೇಕು.

೯ ಮಾರ್ಚ್, ಭಾನುವಾರ

ಚರ್ಚಿನಲ್ಲಿ ಆರಾಧನೆ ಮುಗಿದ ಮೇಲೆ ಪಾದ್ರಿ ಅಯ್ಯನವರು ಕರೆದರು. ವೇದವಲ್ಲಿಯ ವಿಷಯ ಯಾರೋ ಕಿವಿಗೆ ಹಾಕಿದ್ದಾರೆ. “ದುಃಖದಲ್ಲಿ ಮನಸ್ಸು ಮೆತ್ತಗಿರುತ್ತೆ ಪ್ರಿಸ್ಕಿಲ್ಲಮ್ಮ. ದೇವರ ವಾಕ್ಯ ಹೇಳೋದಕ್ಕೆ ಇದೇ ಹೊತ್ತು. ಹದ ಕಳ್ಕೋಬೇಡಿ.” ಹೆಂಗಸರ ಸಂಘದವರು ನನ್ನ ಕೈಗೆ ಒಂದು ಕಟ್ಟು ಕರಪತ್ರ ತುರುಕಿದರು.

ಹದವಂತೆ. ಅವಳ ಎದೆ ಏನು ಮಳೆ ಬಿದ್ದ ಹೊಲವೇ? ನಾಲಿಗೆ ಕಚ್ಚಿಕೊಂಡು ಮನೆಗೆ ಬಂದು ಇವರ ಮೇಲೆ ರೇಗಿದೆ. “ನಿನ್ನ ಕೋಪ ಇದ್ರೆ ಸಾಕು, ಕಲ್ಲಿದ್ದಲು ಹಾಕದೇನೇ ಬೀರೂರಿನವರೆಗೂ ಇಂಜಿನ್ ಓಡಿಸಬಹುದು” ಅಂದರು. ನಗು ಬರಲಿಲ್ಲ.

ಯೇಸುವಿನ ಹೆಸರು ಅವಳ ಮುಂದೆ ಎತ್ತಬಾರದು ಅಂತಲ್ಲ. ಅವನಿಲ್ಲದಿದ್ದರೆ ಸಾಮುವೇಲ ತೀರಿಕೊಂಡ ವರ್ಷ ನಾನು ಬಾವಿಗೆ ಬೀಳುತ್ತಿದ್ದೆ. ಆದರೆ ಅನ್ನ ಸೇರದೆ ಕೂತವಳ ಕೈಗೆ ಕಾಗದ ಕೊಡುವುದಕ್ಕೆ ನನ್ನಿಂದ ಆಗುವುದಿಲ್ಲ.

೧೪ ಮಾರ್ಚ್, ಶುಕ್ರವಾರ

ಆ ಜಾಗ ತೋರಿಸಿ ಅಂತ ವೇದವಲ್ಲಿ ಮನೆಯಲ್ಲಿ ಬಾಯಿ ಬಿಟ್ಟು ಕೇಳಿದ್ದಾಳೆ. ರಂಪವಾಗಿದೆ. ಸಂಜೆ ಅವಳ ಅತ್ತೆ ಚೆಲುವಾಂಬನವರು ನಮ್ಮ ಗೇಟಿನ ಹೊರಗೆ ನಿಂತುಕೊಂಡೇ ಶುರುಮಾಡಿದರು. ಒಳಗೆ ಬಂದರೆ ಮೈಲಿಗೆ.

“ಟೀಚರಮ್ಮ, ನಮ್ಮನೆ ಸೊಸೆ ತಲೇಲಿ ಏನೇನ್ ತುಂಬ್ತಾ ಇದೀರ ನೀವು? ಮಣ್ಣಿಗೆ ಹಾಕಿದ್ದನ್ನ ಹೋಗಿ ನೋಡೋದುಂಟಾ? ಮುಂದೆ ಹೊಟ್ಟೇಲಿ ನಿಲ್ಲೋದೂ ನಿಲ್ಲಲ್ಲ. ನಿಮ್ಮ ಜಾತಿಗೆ ಎಳ್ಕೊಳ್ಳೋ ಉಪಾಯ ಇದು, ನಂಗೊತ್ತಿಲ್ವಾ?”

“ನಾನು ಯಾರನ್ನೂ ಎಳ್ಕೊಂಡಿಲ್ಲ ರೀ. ಅವಳು ತಾಯಿ. ನೀವೂ ತಾಯಿ.”

“ನಾನು ಮೂರು ಕಳ್ಕೊಂಡಿದೀನಿ. ಒಂದಕ್ಕೂ ಹೊಸಿಲು ದಾಟಿಲ್ಲ” ಅಂದರು. ಹೋದರು.

ಅಯ್ಯನವರಿಗೆ ನಾನು ಎಳೆಯುತ್ತಿಲ್ಲ ಅಂತ ಸಿಟ್ಟು, ಚೆಲುವಾಂಬನವರಿಗೆ ಎಳೆಯುತ್ತಿದ್ದೇನೆ ಅಂತ ಸಿಟ್ಟು. ಇಬ್ಬರನ್ನೂ ಒಂದೇ ರೂಮಿನಲ್ಲಿ ಕೂಡಿಹಾಕಬೇಕು… ಮೂರು ಕಳೆದುಕೊಂಡರಂತೆ. ಆ ಮಾತು ಯಾಕೋ ಇನ್ನೂ ಕಿವಿಯಲ್ಲಿದೆ.

೨೨ ಮಾರ್ಚ್, ಶನಿವಾರ

ನಿನ್ನೆ ಯುಗಾದಿ. ಚಿಕ್ಕ ಮಗು ಸತ್ತದ್ದಕ್ಕೆ ಹಬ್ಬ ಬಿಡಬೇಕಾಗಿಲ್ಲ ಅಂತ ವೇದವಲ್ಲಿಯ ಕೈಯಲ್ಲೇ ಒಬ್ಬಟ್ಟು ತಟ್ಟಿಸಿದ್ದಾರೆ. ಮುಂದಿನ ಶನಿವಾರ ಮಾಲೇಕಲ್ಲು ದೇವರ ಬೆಟ್ಟ ಹತ್ತಿಸುತ್ತಾರಂತೆ, ಇನ್ನೊಂದು ಮಗುವಿಗೆ ಹರಕೆ.

ಅದಕ್ಕಿಂತ ಕೆಟ್ಟ ಸುದ್ದಿ. ಅವಳ ಗಂಡ ಸಂಪತ್ಕುಮಾರ್‌ಗೆ ತಾಲ್ಲೂಕು ಆಫೀಸಿನಿಂದ ಚಿತ್ರದುರ್ಗಕ್ಕೆ ವರ್ಗ. ಏಪ್ರಿಲ್ ನಡುವಿಗೆ ಮನೆ ಖಾಲಿ. “ನಾವು ಊರು ಬಿಟ್ರೆ ಅಲ್ಮು ಒಬ್ಬಳೇ ಇಲ್ಲಿ ಉಳಿದುಬಿಡ್ತಾಳೆ ಪ್ರಿಸ್ಕಿಲ್ಲ. ಎಲ್ಲಿ ಅಂತಾನೂ ಗೊತ್ತಿಲ್ದೆ ನಾನು ಹೋಗ್ಬಿಡ್ತೀನಿ” ಅಂದಳು. ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು. ತಲೆ ಬಾಚಿಕೊಟ್ಟೆ. ನಾನು ತಂದ ಬಾಳೆಹಣ್ಣು ಅರ್ಧ ತಿಂದಳು.

೧ ಏಪ್ರಿಲ್, ಮಂಗಳವಾರ

ಇವತ್ತು ಬಿಡಲೇ ಇಲ್ಲ. ತಾಲ್ಲೂಕು ಆಫೀಸಿನ ಬಾಗಿಲಲ್ಲೇ ಸಂಪತ್ಕುಮಾರ್‌ನನ್ನು ಹಿಡಿದೆ. ಜವಾನರು ನೋಡುತ್ತಿದ್ದರು, ನೋಡಲಿ.

“ನಿಮ್ಮ ಹೆಂಡತಿ ಸಾಯ್ತಾ ಇದಾಳೆ, ಕಣ್ಣಿಗೆ ಬೀಳ್ತಿಲ್ವಾ? ಅಮ್ಮನ ಸೆರಗು ಬಿಟ್ಟು ಒಂದ್ಸಲ ಅವಳನ್ನ ಕರ್ಕೊಂಡು ಹೋಗಿ ತೋರಿಸೋಕೆ ನಿಮಗೇನ್ ಕಷ್ಟ?” ಇನ್ನೂ ಏನೇನೋ ಅಂದೆ. ಹೇಡಿ ಅಂತಲೂ ಅಂದೆ.

ಆ ಮನುಷ್ಯ ಫೈಲನ್ನು ಎದೆಗೆ ಒತ್ತಿಕೊಂಡು ನಿಂತಿದ್ದ. ಆಮೇಲೆ ಮೆಲ್ಲಗೆ, “ಏನಂತ ತೋರಿಸಲಿ ಟೀಚರ್? ನಂಗೂ ಗೊತ್ತಿಲ್ಲ” ಅಂದ.

ಮಗುವನ್ನು ಹೂತದ್ದು ಮೂರುಸಂಜೆಯಂತೆ. ಕೆರೆ ಹಿಂದೆ, ಕತ್ತಾಳೆ ಬೇಲಿಯ ಪಕ್ಕ. ಗುಣಿ ಮುಚ್ಚಿದ ಮೇಲೆ ತಿರುಗಿ ನೋಡಬಾರದು, ನೋಡಿದರೆ ಮಗು ಹಿಂದೆಯೇ ಬರುತ್ತದೆ ಅಂತ ದೊಡ್ಡವರು ಹೇಳಿದರಂತೆ. ನೋಡಲಿಲ್ಲ. ಎರಡು ದಿನದ ಮೇಲೆ ಒಬ್ಬನೇ ಹೋದ. ಗುರುತು ಸಿಗಲಿಲ್ಲ. ಮತ್ತೆ ಹೋದ. ಸಿಗಲಿಲ್ಲ.

“ಅದನ್ನ ಅವಳಿಗೆ ಹೇಗೆ ಹೇಳಲಿ? ಅಮ್ಮ ಬಿಡಲ್ಲ ಅಂತಾನೇ ಅಂದ್ಕೊಂಡಿರಲಿ ಅಂತ ಸುಮ್ಮನಿದ್ದೆ.”

ಬೈಯುವುದಕ್ಕೆ ಎಷ್ಟೊಂದು ಇಟ್ಟುಕೊಂಡಿದ್ದೆ. “ಹೇಳಿ. ಅವಳಿಗೆ ಹೇಳಿ” ಅಂದು ಬಂದುಬಿಟ್ಟೆ. ಬಂದು ಪಾತ್ರೆಗಳನ್ನೆಲ್ಲ ದಡಬಡ ತೊಳೆದೆ.

೪ ಏಪ್ರಿಲ್, ಗುಡ್ ಫ್ರೈಡೇ

ಮಧ್ಯಾಹ್ನವೆಲ್ಲ ಆರಾಧನೆ. ಕೂತಿದ್ದೆ, ಮನಸ್ಸು ಕೂರಲಿಲ್ಲ. ಮಗ ಸಾಯುವುದನ್ನು ನೋಡುತ್ತ ತಾಯಿ ಶಿಲುಬೆಯ ಬುಡದಲ್ಲಿ ನಿಂತಿದ್ದಳು. ಆಮೇಲೆ ನಸುಕಿನಲ್ಲಿ ಸಮಾಧಿಗೆ ಹೋದವರು ಹೆಂಗಸರು. ಹೋದವರಿಗೆ ದೇಹ ಸಿಗಲಿಲ್ಲ. ಎಲ್ಲಿಟ್ಟರೋ ತಿಳಿಯದೆ ಅತ್ತರು. ಇಷ್ಟು ವರ್ಷ ಕೇಳಿದ್ದೇನೆ, ಇವತ್ತೇ ಅದು ಕಿವಿಗೆ ಬಿದ್ದದ್ದು. ಅಯ್ಯನವರು ಅದನ್ನು ಬಿಟ್ಟು ಕಾಣಿಕೆ ಡಬ್ಬಿಯ ಮೇಲೆ ಹೇಳುತ್ತಿದ್ದರು.

ಹೊರಗೆ ಬಂದರೆ ಹುಣಸೇಮರದ ಕೆಳಗೆ ವೇದವಲ್ಲಿ. ಗಂಡ ಹೇಳಿದ್ದಾನೆ.

“ಬೈದೆಯಾ ಅವರನ್ನ?” ಕೇಳಿದೆ.

“ಇಲ್ಲ. ಇಬ್ಬರೂ ಅತ್ವಿ. ಭಾನುವಾರ ಬೆಳಿಗ್ಗೆ ಹೋಗ್ತೀವಿ. ಸಿಕ್ಲಿ, ಸಿಗದೇ ಇರ್ಲಿ. ನೀನೂ ಬಾರೇ.”

ಈಸ್ಟರ್ ಬೆಳಿಗ್ಗೆ. ಹಾಸನ, ಸಾಮುವೇಲ, ಸುಣ್ಣ… ಬರ್ತೀನಿ ಅಂದೆ. ಇವರಿಗೆ ಹೇಳಿದೆ. ಸಾಮುವೇಲನ ಹತ್ತಿರ ತಾವೊಬ್ಬರೇ ಹೋಗುತ್ತಾರಂತೆ.

೬ ಏಪ್ರಿಲ್, ಈಸ್ಟರ್, ಬೆಳಿಗ್ಗೆ

ಈಗ ತಾನೇ ಬಂದೆ. ಕಾಲಿನ ಮಣ್ಣು ಹಾಗೇ ಇದೆ.

ಮಬ್ಬಿನಲ್ಲೇ ಮೂವರೂ ಹೊರಟೆವು. ಕೆರೆಯ ಹಿಂದೆ ಕತ್ತಾಳೆ, ಲಂಟಾನ. ಅಲ್ಲಲ್ಲಿ ಪುಟ್ಟ ಪುಟ್ಟ ಮಣ್ಣುಗುಡ್ಡೆಗಳು. ಎಷ್ಟೊಂದು. ಕೆಲವು ಕುಸಿದಿವೆ, ಕೆಲವು ಹೊಸವು. ಸಂಪತ್ಕುಮಾರ್ ಇದಿರಬೇಕು ಅಂದ, ಅಲ್ಲ, ಅದು ಅಂದ. ಬೇಲಿಯುದ್ದಕ್ಕೂ ಓಡಾಡಿದ. ಕೊನೆಗೆ ಧೂಳಿನಲ್ಲೇ ಕುಕ್ಕರಿಸಿ ತಲೆ ಹಿಡಿದುಕೊಂಡ.

ವೇದವಲ್ಲಿ ಸೆರಗಿನಲ್ಲಿ ಕನಕಾಂಬರ ತಂದಿದ್ದಳು. ಯಾವುದರ ಮೇಲೆ ಹಾಕಬೇಕೋ ತಿಳಿಯದೆ ನಿಂತೇ ಇದ್ದಳು.

“ಪ್ರಿಸ್ಕಿಲ್ಲ, ಸಾಮುವೇಲನ ಹತ್ರ ಹೋದಾಗ ಏನು ಹೇಳ್ತೀಯ?”

“ಅವನಿಗೆ ಹೇಳಲ್ಲ ಕಣೇ. ದೇವರಿಗೆ ಹೇಳ್ತೀನಿ.”

“ಹಾಗಾದ್ರೆ ಹೇಳು. ನಂಗೆ ಕೇಳೋ ಹಾಗೆ ಹೇಳು.”

ಕಣ್ಣು ಮುಚ್ಚಿದೆ. ಕಲಿತ ಪ್ರಾರ್ಥನೆ ಒಂದೂ ಬರಲಿಲ್ಲ. ಕೋಪ ಬಂತು. ಇಷ್ಟು ದಿನ ಯಾರ್‍ಯಾರ ಮೇಲೋ ಕಾರಿದ ಕೋಪವೆಲ್ಲ ದೇವರ ಮೇಲೇ ಬಂತು. ಕೂಗಿಯೇ ಹೇಳಿದೆ. ತಂದೆಯೇ, ಈ ಮಗುವನ್ನು ಎಲ್ಲಿಟ್ಟರು ಅಂತ ಹೆತ್ತವಳಿಗೆ ಗೊತ್ತಿಲ್ಲ. ಹೊತ್ತು ತಂದವನಿಗೂ ಗೊತ್ತಿಲ್ಲ. ನಿನಗೊಬ್ಬನಿಗೇ ಗೊತ್ತು. ಅಲ್ಮು ಅಂತ ಹೆಸರು. ಅವಳನ್ನೇನಾದರೂ ನೀನು ಮರೆತರೆ ನಾನು ನಿನ್ನನ್ನು ಸುಮ್ಮನೆ ಬಿಡುವುದಿಲ್ಲ.

ಆಮೆನ್ ಅನ್ನುವುದೂ ಮರೆತುಹೋಯಿತು.

“ಅವನಿಗೆ ಗೊತ್ತಾ? ನಿಜವಾಗ್ಲೂ?” ಅಂದಳು.

“ಗೊತ್ತು.” ಇದೊಂದನ್ನು ಮಾತ್ರ ಕೂಗದೆ ಹೇಳಿದೆ.

ವೇದವಲ್ಲಿ ಸೆರಗು ಬಿಚ್ಚಿ ಹೂವನ್ನೆಲ್ಲ ನಿಂತ ಜಾಗದಲ್ಲೇ ಸುರಿದಳು. “ಹಾಗಾದ್ರೆ ಅವನೇ ತಲುಪಿಸಲಿ” ಅಂದಳು. ಅಂದು ಕುಸಿದು ಕೂತು, ಮಗು ಹೋದಾಗಿನಿಂದ ಒಳಗೇ ಉಳಿದಿದ್ದನ್ನೆಲ್ಲ ಅತ್ತಳು. ತೊಡೆಯ ಮೇಲೆ ಮಲಗಿಸಿಕೊಂಡೆ.

ಬಂದ ಮೇಲೆ ಇಲ್ಲೇ ಗಂಜಿ ಕುಡಿದಳು, ನನ್ನ ಕೈಯಿಂದಲೇ. ಸಂಪತ್ಕುಮಾರ್ ನೋಡಿದ, ತಡೆಯಲಿಲ್ಲ. ಈಗ ಒಳಗೆ ಮಲಗಿದ್ದಾಳೆ.

ಗೇಟಿನ ಸದ್ದು. ಚೆಲುವಾಂಬನವರ ದನಿ. ಈ ಸಲ ಹೊರಗೆ ನಿಂತಿಲ್ಲ, ಅಂಗಳ ದಾಟಿ ಬಾಗಿಲಿಗೇ ಬಂದಿದ್ದಾರೆ. ಬರಲಿ. ಇವತ್ತು ನಾನೂ ಬಿಡುವವಳಲ್ಲ, ಆಡುವುದನ್ನೆಲ್ಲ ಆಡಿ…

ಅಳುತ್ತಿದ್ದಾರೆ. ತಾವು ಕಳೆದುಕೊಂಡ ಆ ಮೂರು ಮಕ್ಕಳ ಹೆಸರು ಹೇಳಿಕೊಂಡು…