ಪರದೆ ಬಟ್ಟೆಯ ಪೆನ್ನುಚೀಲ

ಜೂನ್ 3, ಸೋಮವಾರ. ಸಂಜೆ

ಪೆನ್ನು ಮತ್ತೆ ಕಾಣೆ. ಚಪ್ಪಲಿ ಬಿಡುವ ಮೊದಲೇ ಒಳಗಿಂದ ಟಣ್ ಟಣ್. ಇವರು ಚಮಚದಿಂದ ಲೋಟ ಬಡಿಯುತ್ತಿದ್ದಾರೆ. ಏನೋ ಹೇಳಬೇಕು, ಪೆನ್ನಿಲ್ಲ ಎಂದರ್ಥ. ದಿಂಬಿನ ಕೆಳಗೆ ನೋಡಿದೆ, ಟಿವಿ ಹಿಂದೆ ನೋಡಿದೆ, ಬಚ್ಚಲ ಕಿಟಕಿ ನೋಡಿದೆ. ಫ್ರಿಜ್ಜಿನ ಮೇಲಿತ್ತು. ತಂದುಕೊಟ್ಟೆ. ನೋಟ್ ಪುಸ್ತಕದಲ್ಲಿ ಬರೆದರು: ‘ಗ್ಯಾಸ್ ಮುಗಿದಿದೆ.’

ಇಷ್ಟಕ್ಕೆ ಅರ್ಧ ಮನೆ ತಿರುವಿ ಹಾಕಿದೆ.

ಗ್ಯಾಸಿನವನಿಗೆ ಫೋನು ಮಾಡಬೇಕಾದವಳು ನಾನೇ. ಬ್ಯಾಂಕಿಗೂ ನಾನೇ, ಔಷಧಿ ಅಂಗಡಿಗೂ ನಾನೇ. ಕ್ಯಾನ್ಸರೆಂದು ಗಂಟಲಿನ ಆಪರೇಷನ್‌ನಲ್ಲಿ ಇವರ ಧ್ವನಿಪೆಟ್ಟಿಗೆ ತೆಗೆದುಹಾಕಿದ ಮೇಲೆ ಈ ಮನೆಗೆ ಉಳಿದಿರುವುದು ಒಂದೇ ಬಾಯಿ. ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದ ಮನುಷ್ಯ. ಆಚೆ ಗೇಟಿನ ತನಕ ಕೇಳಿಸುತ್ತಿತ್ತಂತೆ. ಈಗ ಚಮಚ, ಲೋಟ.

ಕಾಲು ನೋವು. ಹೊಲಿಗೆ ಅಂಗಡಿಯಲ್ಲಿ ಇಡೀ ದಿನ ಯಾವುದೋ ಹೋಟೆಲಿನ ಪರದೆಗಳು. ಅಂಚು ಮಡಿಸು, ಹೊಲಿ, ಎಳೆ. ಮಡಿಸು, ಹೊಲಿ, ಎಳೆ.

ಜೂನ್ 5, ಬುಧವಾರ

ಸಂಜೆ ಇವರ ಜೊತೆ ಕ್ಷೌರದಂಗಡಿಗೆ. ಗಂಡಸರ ಮಧ್ಯೆ ನಾನೊಬ್ಬಳು ಹೆಂಗಸು, ಮಡಿಲಲ್ಲಿ ಬ್ಯಾಗು. ಇವರ ಕತ್ತಿನ ಬುಡದಲ್ಲಿ ಉಸಿರಿಗೆಂದು ಮಾಡಿದ ತೂತಿದೆ. ನೀರು ಹೋಗಬಾರದು, ಕೂದಲು ಬೀಳಬಾರದು. “ಅಲ್ಲಿ ಹುಷಾರು, ಅಲ್ಲಿ ಹುಷಾರು” ಎಂದು ನಾನು ಹೇಳುತ್ತಿರಬೇಕು. ಇವರು ಕನ್ನಡಿಯಲ್ಲಿ ನನ್ನನ್ನು ನೋಡುವುದಿಲ್ಲ. ನನಗೂ ನೋಡುವ ಮನಸ್ಸಿಲ್ಲ. ಫೋನಿನಲ್ಲಿ ಟೈಪ್ ಮಾಡಿ ಎಂದರೆ ಬೆರಳು ದಪ್ಪ, ಒಂದಕ್ಷರ ಒತ್ತಿದರೆ ಮೂರು ಬರುತ್ತವೆ. ಪುಸ್ತಕವೇ ಆಗಬೇಕು. ಪುಸ್ತಕ ಇದ್ದಾಗ ಪೆನ್ನಿಲ್ಲ.

ಮೊದಲು ಇವರ ಮಾತು ಕೇಳಲು ಕಿವಿ ಸಾಕಿತ್ತು. ಬೇಡವೆಂದರೂ ಕೇಳಿಸುತ್ತಿತ್ತು! ಈಗ ಪೆನ್ನು ಬೇಕು, ದೀಪ ಬೇಕು, ನನ್ನ ಕನ್ನಡಕ ಬೇಕು. ಕರೆಂಟು ಹೋದರೆ ಸಂಸಾರವೇ ಮೂಕ.

ಪುಸ್ತಕಕ್ಕೇ ಒಂದು ಪೆನ್ನುಚೀಲ ಹೊಲಿದುಬಿಟ್ಟರೆ? ಅಂಗಡಿಯಲ್ಲಿ ಚೂರು ಬಟ್ಟೆಗೇನು ಬರ.

ಜೂನ್ 8, ಶನಿವಾರ

ಊಟದ ಬಿಡುವಿನಲ್ಲಿ ಹೊಲಿದೆ. ಪೆನ್ನಿನ ಸುತ್ತ ದಾರ ಸುತ್ತಿ ಅಳೆದೆ, ಅಷ್ಟೇ ಅಗಲಕ್ಕೆ ಬಟ್ಟೆ ಕತ್ತರಿಸಿ, ಮಡಿಸಿ, ಹೊಲಿದು, ತಿರುವಿದೆ. ಪೆನ್ನು ಒಳಗೆ ಹೋಗಲೇ ಇಲ್ಲ. ಹೊಲಿಗೆಯ ಅಂಚಿಗೆ ಬಟ್ಟೆ ಬಿಡುವುದನ್ನೇ ಮರೆತಿದ್ದೆ. ಮದುವೆಗೆ ಮುಂಚಿನಿಂದ ಹೊಲಿಯುತ್ತಿರುವವಳು!

ಪಕ್ಕದ ಮಿಷಿನ್ನಿನ ಅಕ್ಕ ನಕ್ಕಿದ್ದೇ ನಕ್ಕಿದ್ದು. “ಆನೆಗೆ ಅಂಗಿ ಹೊಲಿಯೋಳಿಗೆ ಇರುವೆಗೆ ಟೋಪಿ ಹೊಲಿಯೋಕೆ ಬರ್ಲಿಲ್ಲ ನೋಡಿ!”

ನಾನೂ ನಕ್ಕೆ. ನಕ್ಕು ಎಷ್ಟು ಕಾಲವಾಗಿತ್ತೋ, ದವಡೆ ನೋವು ಬಂತು.

ಜೂನ್ 9, ಭಾನುವಾರ

ಎರಡನೆಯದು ಸಡಿಲವಾಯಿತು. ಪುಸ್ತಕ ಎತ್ತಿದ ಕೂಡಲೇ ಪೆನ್ನು ಜಾರಿ ಮಂಚದ ಕೆಳಗೆ. ಇವರು ಚೀಲವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಬರೆದರು: ‘ಸ್ಕೂಲ್ ಮಕ್ಕಳ ಥರ. ನನಗೆ ಬೇಡ.’

ಬೇಡದಿದ್ದರೆ ಬಿಡಲಿ. ನನಗೇನು.

ಜೂನ್ 10, ಸೋಮವಾರ

ಇವತ್ತು ನಡೆದದ್ದು ಬರೆದುಬಿಡಬೇಕು.

ಮನೆಗೆ ಬಂದಾಗ ತಲೆ ಸಿಡಿಯುತ್ತಿತ್ತು. ಇವರು ಕಾದು ಕೂತಿದ್ದರು, ಪುಟ ತುಂಬ ಬರೆದುಕೊಂಡು. ನಲ್ಲಿ ತೊಟ್ಟಿಕ್ಕುತ್ತಿದೆ. ಮೇಲಿನ ಮನೆಯವರು ಕಸ ಎಸೆದಿದ್ದಾರೆ, ಹೋಗಿ ಕೇಳು. ಪ್ಲಂಬರಿಗೆ ಫೋನ್ ಮಾಡು. ಕೇಳು, ಮಾಡು, ಹೇಳು. ಕೊನೆಯ ತನಕ ಓದಿದೆ. ಪುಟ ತಿರುವಿ ಇನ್ನೊಂದು ಶುರು ಮಾಡಿದರು.

ಕನ್ನಡಕ ತೆಗೆದು ಮೇಜಿನ ಮೇಲಿಟ್ಟೆ.

“ಸಾಕು. ಇವತ್ತು ನಾನು ಓದಲ್ಲ.”

ಪುಸ್ತಕವನ್ನು ನನ್ನತ್ತ ತಳ್ಳಿದರು. ಕಣ್ಣು ಮುಚ್ಚಿಕೊಂಡೆ. ಕೈಗೆ ಕನ್ನಡಕ ತಾಕಿತು, ತೆಗೆದು ಕೊಡುತ್ತಿದ್ದರು. ನಾನು ಬೆರಳು ಬಿಚ್ಚಲಿಲ್ಲ. ಸ್ವಲ್ಪ ಹೊತ್ತಿಗೆ ಕುರ್ಚಿ ಸರಿದ ಸದ್ದು.

ಮೊದಲೆಲ್ಲ ಜಗಳವಾದರೆ ಕಿವಿ ಮುಚ್ಚಿಕೊಂಡರೂ ಬಿಡುತ್ತಿರಲಿಲ್ಲ ಆ ದನಿ. ಈಗ ಕಣ್ಣು ಮುಚ್ಚಿದರೆ ಸಾಕು, ಎದುರಿನ ಮನುಷ್ಯ ಇಲ್ಲವೇ ಇಲ್ಲ. ಇಷ್ಟು ಸುಲಭ ಎಂದು ಗೊತ್ತಿರಲಿಲ್ಲ. ಗೊತ್ತಾಗಬಾರದಿತ್ತು.

ಜೂನ್ 17, ಸೋಮವಾರ

ವಾರವಿಡೀ ಒಂದಕ್ಷರ ಬರೆದಿಲ್ಲ ಇವರು. ಪುಸ್ತಕ ಕಪಾಟಿನ ಮೇಲೆ. ಊಟಕ್ಕೆ ಕರೆದರೆ ಬರುತ್ತಾರೆ, ಬಡಿಸಿದ್ದು ತಿನ್ನುತ್ತಾರೆ, ಸಾಕೆಂದರೆ ಕೈ ಅಡ್ಡ ಹಿಡಿಯುತ್ತಾರೆ. ಲೋಟದ ಸದ್ದೂ ಇಲ್ಲ. ನೆಮ್ಮದಿಯಾಗಬೇಕಿತ್ತು ನನಗೆ. ಆಗಲಿಲ್ಲ.

ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಕತ್ತಿನ ಎಡಗಡೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ನನ್ನನ್ನು ಕಂಡು ಕೈ ಇಳಿಸಿದರು.

“ಏನದು?”

ತಲೆಯಾಡಿಸಿದರು, ಏನಿಲ್ಲ ಎಂದು.

ಅಂಗಡಿಗೆ ಹೊರಟವಳು ಮೆಟ್ಟಿಲಿನಿಂದ ವಾಪಸು ಬಂದೆ. ಪುಸ್ತಕ ಇಳಿಸಿ, ನನ್ನ ಬ್ಯಾಗಿನ ಪೆನ್ನು ಕೊಟ್ಟು, ಕನ್ನಡಕ ಹಾಕಿಕೊಂಡು ಎದುರು ಕೂತೆ. “ಬರೀರಿ. ಕೂತಿದ್ದೀನಿ.”

ಪುಸ್ತಕ ಹತ್ತಿರ ಎಳೆದುಕೊಂಡರು. ಆಮೇಲೆ: ‘ಗಂಟು ಇದ್ದ ಹಾಗಿದೆ.’

“ಯಾವಾಗಿಂದ?”

‘ಅವತ್ತು ಅದನ್ನೇ ಹೇಳೋಣ ಅಂತಿದ್ದೆ. ಹೇಗೆ ಹೇಳೋದು ಅಂತ ಮೊದಲು ನಲ್ಲಿ ವಿಷಯ ಬರೆದೆ.’

ಅಂಗಡಿಗೆ ತಡವಾಯಿತು.

ಜೂನ್ 19, ಬುಧವಾರ. ಆಸ್ಪತ್ರೆಯಿಂದ ಬಂದು

ಬಸ್ಸಿನ ನೂಕುನುಗ್ಗಲಿನಲ್ಲಿ ಪೆನ್ನು ಬಿತ್ತು, ಯಾರದೋ ಕಾಲ ಕೆಳಗೆ ಚೂರಾಯಿತು. ನನ್ನ ಬ್ಯಾಗಿನಲ್ಲೂ ಇರಲಿಲ್ಲ. ಸೋಮವಾರ ಕೊಟ್ಟದ್ದು ಅದೇ.

ಡಾಕ್ಟರು ಒಳ್ಳೆಯವರೇ. ಆದರೆ ಎಲ್ಲ ನನ್ನನ್ನೇ ಕೇಳಿದರು. “ಊಟ ಸರಿಯಾಗಿ ಮಾಡ್ತಾರಾ?” ಮಾಡ್ತಾರೆ. “ತೂಕ ಇಳಿದಿದ್ಯಾ?” ಸ್ವಲ್ಪ. “ಇಲ್ಲಿ ಒತ್ತಿದ್ರೆ ನೋವಿದ್ಯಾ?” ಇಲ್ಲ ಡಾಕ್ಟ್ರೇ. ಪಟಪಟನೆ ಉತ್ತರ. ರೂಢಿಯಾಗಿಬಿಟ್ಟಿದೆ ನನಗೆ. ಇವರು ಮಲಗಿಕೊಂಡು ಚಾವಣಿಯ ಫ್ಯಾನು ನೋಡುತ್ತಿದ್ದರು. ಡಾಕ್ಟರು ಸೂಜಿ ಹಾಕಿ ಪರೀಕ್ಷೆಗೆಂದು ಗಂಟಿನಿಂದ ಏನೋ ತೆಗೆದರು. ವರದಿ ಮುಂದಿನ ತಿಂಗಳ ಮೊದಲ ಗುರುವಾರ.

ಹೊರಗೆ ಬಂದು ಕೌಂಟರಿನ ಪೆನ್ನು ಕೇಳಿ ಇಸಿದುಕೊಂಡು ಬರೆದರು: ‘ನೋವಿತ್ತು.’

ಅಷ್ಟೇ ಬರೆದು ಪೆನ್ನು ವಾಪಸು ಕೊಟ್ಟರು. ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ತಿರುಗಿ ಕೂತೆ. ಇವರ ನೋವಿಗೂ ನಾನೇ ‘ಇಲ್ಲ’ ಎಂದುಬಿಟ್ಟೆನಲ್ಲ.

ಜೂನ್ 23, ಭಾನುವಾರ

ಈ ಸಲ ಬೇರೆ ರೀತಿ. ಬೆಳಕು ತಡೆಯುವ ದಪ್ಪ ಪರದೆಯ ಬಟ್ಟೆ, ಬೂದು ಬಣ್ಣ, ಒಳಗೆ ಮೆತ್ತನೆಯ ಲೈನಿಂಗ್. ಅಂಚಿಗೆಂದು ಎರಡೂ ಕಡೆ ಬಿಟ್ಟು ಕತ್ತರಿಸಿದೆ. ಬಾಯಿಯ ಕಡೆ ಒಂದು ಮಡಿಕೆ ಹೆಚ್ಚು, ಪೆನ್ನಿನ ಕ್ಲಿಪ್ಪು ಕಚ್ಚಿಕೊಳ್ಳಲಿ ಎಂದು. ಬೆನ್ನಿಗೆ ಅಗಲವಾದ ಎಲಾಸ್ಟಿಕ್ ಪಟ್ಟಿ. ಪುಸ್ತಕದ ರಟ್ಟನ್ನು ಸುತ್ತಿ ಬಿಗಿಯಾಗಿ ಕೂರುತ್ತದೆ, ಪುಸ್ತಕ ಮುಗಿದರೆ ತೆಗೆದು ಹೊಸದಕ್ಕೆ ಹಾಕಬಹುದು. ದಪ್ಪಕ್ಕೆ ಮನೆಯ ಮಿಷಿನ್ನಿನ ಸೂಜಿ ಮುರಿಯಿತು. ಉಳಿದದ್ದು ಕೈಹೊಲಿಗೆ. ಬೆರಳು ಚುಚ್ಚಿಸಿಕೊಂಡೆ, ಬೈದುಕೊಂಡೆ, ಹೊಲಿದೆ.

ಪುಸ್ತಕ ತಲೆಕೆಳಗು ಮಾಡಿ ಕೊಡವಿದೆ. ಪೆನ್ನು ಬೀಳಲಿಲ್ಲ. ಇನ್ನೂ ಜೋರಾಗಿ ಕೊಡವಿದೆ. ಇಲ್ಲ.

ನಾದಿನಿ ಬಂದಿದ್ದಳು, ಅಣ್ಣನನ್ನು ನೋಡಲು. ಚೀಲ ನೋಡಿ ಕಣ್ಣು ತುಂಬಿಕೊಂಡಳು. “ಎಷ್ಟು ಪ್ರೀತಿ ಅತ್ತಿಗೆ ನಿಮಗೆ ನಮ್ಮಣ್ಣನ ಮೇಲೆ!”

ಯಾಕೋ ತಡೆಯಲಾಗಲಿಲ್ಲ. “ಪ್ರೀತಿಯೂ ಇಲ್ಲ, ಮಣ್ಣೂ ಇಲ್ಲ ಕಣಮ್ಮ. ಒಂದು ದಿನವಾದ್ರೂ ನನ್ನ ಬಾಯಿಗೆ ರಜ ಬೇಕು. ಅದಕ್ಕೆ ಹೊಲಿದೆ.”

ಅವಳು ಪೆಚ್ಚಾದಳು. ಇವರು ಚೀಲದಿಂದ ಪೆನ್ನು ಸರಕ್ಕನೆ ಎಳೆದು ತಂಗಿಗೆ ಬರೆದು ತೋರಿಸಿದರು: ‘ನಿಜ ಹೇಳ್ತಿದ್ದಾಳೆ. ಟೀ ನೀನೇ ಮಾಡು.’

ಭುಜ ಅಲುಗುತ್ತಿತ್ತು. ಇವರ ನಗು ಈಗ ಹಾಗೆ.

ಜೂನ್ 30, ಭಾನುವಾರ

ಕ್ಷೌರದಂಗಡಿಗೆ ಒಬ್ಬರೇ ಹೋಗಿದ್ದರು. ಪುಸ್ತಕ ಕಂಕುಳಲ್ಲಿ. ಬಹಳ ಹೊತ್ತಾದರೂ ಬರಲಿಲ್ಲ. ನಾನು ಎರಡು ಸಲ ಬಾಗಿಲಿಗೆ ಹೋಗಿ ಬಂದೆ. ಬಂದರು, ಗದ್ದ ನುಣ್ಣಗೆ. ಕೂತು ಬರೆಯತೊಡಗಿದರು, ನಾನು ಭುಜದ ಮೇಲಿಂದ ಓದುತ್ತಾ ನಿಂತೆ.

‘ಕ್ಷೌರದವನು ನನ್ನ ಕಿವುಡ ಅಂದ್ಕೊಂಡಿದ್ದಾನೆ. ಕಿವಿ ಹತ್ರ ಬಂದು ಕಿರುಚ್ತಾನೆ. ಕಿವಿ ಕೇಳುತ್ತೆ ಮಾರಾಯ ಅಂತ ಬರೆದೆ. ಹೌದಾ ಅಂತ ಅದನ್ನೂ ಕಿರುಚಿದ.’

ಅಂಗಡಿಯಲ್ಲಿದ್ದವರೆಲ್ಲ ನಕ್ಕರಂತೆ. ಹಳೆಯ ತರಕಾರಿ ವ್ಯಾಪಾರಿಯೊಬ್ಬ ಸಿಕ್ಕು, ಇಬ್ಬರೂ ಅಲ್ಲೇ ಬೆಂಚಿನ ಮೇಲೆ ಕೂತು ಹರಟಿದರಂತೆ. ಅವನು ಬಾಯಲ್ಲಿ, ಇವರು ಪೆನ್ನಲ್ಲಿ.

ಗುರುವಾರದ ಮಾತು ಇಬ್ಬರೂ ಎತ್ತಲಿಲ್ಲ.

ಜುಲೈ 4, ಗುರುವಾರ. ಬೆಳಿಗ್ಗೆ

ರಜ ಹಾಕಿ ಸೀರೆ ಉಟ್ಟು ತಯಾರಾದೆ. ಪುಸ್ತಕ ಮುಂದೆ ಹಿಡಿದರು: ‘ನೀನು ಬರಬೇಡ.’

“ಹುಚ್ಚಾ? ಕೆಟ್ಟ ಸುದ್ದಿ ಇದ್ರೆ?”

‘ನನ್ನ ಕತ್ತು. ನಾನೇ ಕೇಳ್ತೀನಿ.’

“ಒಬ್ಬರೇ ಹೇಗೆ ಕೂತ್ಕೋತೀರಿ ಅಲ್ಲಿ?”

ಕುರ್ಚಿಯ ಮೇಲೆ ಕೂತು ತೋರಿಸಿದರು, ಹೀಗೆ ಎಂದು. ಎದ್ದು ಹೊರಟರು. ಕಿಟಕಿಯಿಂದ ನೋಡಿದೆ. ಬಸ್ ಸ್ಟಾಪಿನಲ್ಲಿ ಯಾರನ್ನೋ ಬಸ್ಸಿನ ಬಗ್ಗೆ ಕೇಳುತ್ತಿದ್ದರು, ಪುಸ್ತಕ ತೋರಿಸಿ. ಆ ಮನುಷ್ಯ ಬಗ್ಗಿ ಓದಿದ. ಕೈ ಮಾಡಿ ತೋರಿಸಿದ.

ಅದೇ ದಿನ. ಮಧ್ಯಾಹ್ನ

ಪಾತ್ರೆ ತೊಳೆದೆ. ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಫೋನು ಬಂತು. ಗೊತ್ತಿಲ್ಲದ ನಂಬರು. ಕೈ ಒದ್ದೆ, ಎರಡು ಸಲ ಒತ್ತಿದರೂ ತೆರೆಯಲಿಲ್ಲ.

“ಅಮ್ಮ, ಆಸ್ಪತ್ರೆಯಿಂದ. ನರ್ಸ್ ಮಾತಾಡ್ತಿರೋದು. ನಿಮ್ಮ ಯಜಮಾನ್ರು ಇಲ್ಲೇ ಪಕ್ಕದಲ್ಲಿದ್ದಾರೆ. ಬರೆದು ಕೊಟ್ಟಿದ್ದಾರೆ, ಹಾಗೇ ಓದಬೇಕಂತೆ.”

“ಓದಮ್ಮ.”

“‘ಕ್ಯಾನ್ಸರ್ ಅಲ್ಲ. ಹಳೇ ಗಾಯದ ಗಂಟು. ನೋವಿಗೆ ಮಾತ್ರೆ ಕೊಟ್ಟಿದ್ದಾರೆ, ನಾನೇ ಕೇಳಿ ಇಸ್ಕೊಂಡೆ. ನೀನು ಮಲಗು.’ ಮಲಗು ಅನ್ನೋದಕ್ಕೆ ಕೆಳಗೆ ಗೆರೆ ಎಳೆದಿದ್ದಾರಮ್ಮ. ಗದರಿಸಿ ಹೇಳಬೇಕಂತೆ. ನಂಗೆ ಗದರಿಸೋಕೆ ಬರಲ್ಲ...”

ಏನೋ ಹೇಳಿದೆ, ಏನೆಂದು ನೆನಪಿಲ್ಲ. ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ. ಯಾರೂ ಇರಲಿಲ್ಲ, ಜೋರಾಗಿಯೇ ಅತ್ತೆ.

ಈಗ ಮಂಚದ ಮೇಲೆ. ಹಗಲು ಹೊತ್ತಿನಲ್ಲಿ ಇಲ್ಲಿ ಒರಗಿ ಯಾವ ಕಾಲವಾಯಿತು. ಇವರು ಬರಲು ಇನ್ನೂ ಹೊತ್ತಿದೆ, ಔಷಧಿ ಅಂಗಡಿಗೂ ತಾವೇ ಹೋಗುತ್ತಾರಂತೆ. ಹೋಗಲಿ. ನಾಳೆ ಹೋಟೆಲಿನ ಪರದೆ ಮುಗಿಸಬೇಕು. ಕಣ್ಣು ಎಳೆಯುತ್ತಿದೆ. ಬಾಗಿಲಿಗೆ ಚಿಲಕ ಹಾಕಿದೆನೋ ಇಲ್ಲವೋ... ಹಾಕಬಾರದು, ಪಾಪ, ಹೊರಗೆ ನಿಂತು ಬಡಿಯಬೇಕಾಗುತ್ತದೆ. ಎದ್ದು ನೋಡಬೇಕು. ಒಂದೈದು ನಿಮಿಷ ಬಿಟ್ಟು ಎದ್ದು